ಸೂರಿನ ಪಕ್ಕದ ಸೂರು

ಕೋಬೆಯಿಂದ ಹೊರಟು, ನಿಗಾತಾದ ಬೆಟ್ಟಗಳನ್ನು ಹತ್ತಿಳಿದು, ಈಶಾನ್ಯ ಜಪಾನಿನ ಸಾನ್ರಿಕು ಕರಾವಳಿ ಮುಟ್ಟುವ ದಾರಿಯಲ್ಲಿ ಮೂರು ವಿಪತ್ತುಗಳು ನಡೆದ ಕ್ರಮದಲ್ಲೇ ಎದುರಾಗುತ್ತವೆ: 1995ರ ಕೋಬೆ ಭೂಕಂಪ, 2004ರ ನಿಗಾತಾ ಭೂಕಂಪ, 2011ರ ಸುನಾಮಿ. ಸತ್ತವರಿಗೆ ಸ್ಮಾರಕಗಳಿವೆ, ಮುರಿದ ಶಾಲೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಹೊಸದಾಗಿ ಕಟ್ಟಿದ ಊರುಗಳು ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತವೆ. ಆದರೆ ಹಳೆಯ ಮನೆ ಹೋಗಿ ಹೊಸ ಮನೆ ಬರುವವರೆಗೆ ಲಕ್ಷಾಂತರ ಜನ ವರ್ಷಗಟ್ಟಲೆ ಬದುಕಿದ ತಾತ್ಕಾಲಿಕ ಮನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಅಳಿಸಿಹೋಗಿವೆ. ಊರಿಗೆ ಮರಳಿದ ಮೇಲೂ ಮನಸ್ಸನ್ನು ಬಿಡದೆ ಕಾಡುವುದು ಕಣ್ಣಿಗೆ ಬೀಳದ ಆ ಮನೆಗಳೇ. ಅವುಗಳ ಕಥೆಯನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಒಂದು ಮಾತು ಖಚಿತವಾಗುತ್ತದೆ. ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ಸೂರು ಕೊಡುವಾಗ ಆ ಸೂರು ಎಷ್ಟು ಗಟ್ಟಿ, ಎಷ್ಟು ಬೇಗ ಎಂದು ಕೇಳಿದರೆ ಸಾಲದು. ಅದರ ಪಕ್ಕದ ಸೂರಿನಲ್ಲಿ ಯಾರಿರುತ್ತಾರೆ ಎಂದೂ ಅಷ್ಟೇ ಗಂಭೀರವಾಗಿ ಕೇಳಬೇಕು. ಅದನ್ನು ಕೇಳದಿದ್ದಾಗ ಜನ ಸತ್ತಿದ್ದಾರೆ, ಕೇಳಿದಾಗ ಜನ ಉಳಿದಿದ್ದಾರೆ.

ಕೋಬೆಯ ನಗಾತಾ ವಾರ್ಡು ಭೂಕಂಪಕ್ಕೆ ಮುಂಚೆ ಸಣ್ಣಸಣ್ಣ ಚಪ್ಪಲಿ ಕಾರ್ಖಾನೆಗಳ, ಒಂದಕ್ಕೊಂದು ಅಂಟಿಕೊಂಡ ಮರದ ಮನೆಗಳ ಕೇರಿಯಾಗಿತ್ತು. ಅಲ್ಲಿನ ಹೋಟೆಲುಗಳಲ್ಲಿ ಇವತ್ತಿಗೂ ಸಿಗುವ ಒಂದು ತಿಂಡಿ ಆ ಕೇರಿಯ ಗುಣವನ್ನು ಹೇಳುತ್ತದೆ. ಕಾರ್ಖಾನೆಯ ಕೆಲಸಗಾರರು ಬುತ್ತಿಯಲ್ಲಿ ತಂದ ತಣ್ಣನೆಯ ಅನ್ನವನ್ನು ಹೋಟೆಲಿನ ಕಾದ ಕಬ್ಬಿಣದ ಹಲಗೆಯ ಮೇಲೆ ಹಾಕಿಸಿ, ಶಾವಿಗೆಯಂಥ ನೂಡಲ್ಸಿನ ಜೊತೆ ಕೊಚ್ಚಿ ಹುರಿಸಿಕೊಂಡು ತಿನ್ನುತ್ತಿದ್ದರಂತೆ. ‘ಸೊಬಾಮೆಶಿ’ ಹುಟ್ಟಿದ್ದು ಹಾಗೆ. ಗಿರಾಕಿ ಮನೆಯಿಂದ ತಂದ ಅನ್ನವನ್ನು ಬೇಡವೆನ್ನದೆ ಬಿಸಿ ಮಾಡಿಕೊಡುವ ಸಲುಗೆ ಒಂದು ದಿನದಲ್ಲಿ ಬೆಳೆಯುವಂಥದ್ದಲ್ಲ. 1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ನೆಲ ನಡುಗಿದಾಗ ಈ ಕೇರಿಯ ಬಹುಭಾಗ ಕುಸಿದು, ಅಳಿದುಳಿದದ್ದರಲ್ಲಿ ಬಹಳಷ್ಟು ಬೆಂಕಿಗೆ ಆಹುತಿಯಾಯಿತು. ಆ ಭೂಕಂಪದಲ್ಲಿ ಒಟ್ಟು 6,434 ಜನ ಸತ್ತರು. ಮೂರು ಲಕ್ಷಕ್ಕೂ ಹೆಚ್ಚು ಜನ ಶಾಲೆಗಳಲ್ಲಿ, ಸಭಾಭವನಗಳಲ್ಲಿ, ಉದ್ಯಾನಗಳಲ್ಲಿ ತಂಗಿದರು. ನಡುಚಳಿಗಾಲದ ಆ ದಿನಗಳಲ್ಲಿ ಅವರು ಬದುಕಿದ್ದು ಹಂಚಿ ತಿಂದ ಅನ್ನದ ಉಂಡೆಗಳಿಂದ, ಬಯಲಲ್ಲಿ ದೊಡ್ಡ ಪಾತ್ರೆಯಿಟ್ಟು ಕುದಿಸಿದ ಸಾರಿನಿಂದ.

ಆಮೇಲೆ ಬಂದದ್ದು ತಾತ್ಕಾಲಿಕ ಮನೆಗಳು. ಕೋಬೆ ಇರುವ ಹ್ಯೋಗೊ ಪ್ರಾಂತದ ಆಡಳಿತ ಕೆಲವೇ ತಿಂಗಳಲ್ಲಿ ಸುಮಾರು 48,300 ಮನೆಗಳನ್ನು ಎಬ್ಬಿಸಿತು. ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ಮನೆ ಕಟ್ಟುವುದು ಸಾಮಾನ್ಯ ಕೆಲಸವಲ್ಲ. ಅದನ್ನು ಮೆಚ್ಚಿಯೇ ಮುಂದಿನ ಮಾತು ಹೇಳಬೇಕು. ನಗರದೊಳಗೆ ಜಾಗವಿರಲಿಲ್ಲ. ಹಾಗಾಗಿ ಮನೆಗಳು ನಗರದ ಹೊರವಲಯದ ಗುಡ್ಡಗಳಲ್ಲಿ, ಸಮುದ್ರ ತುಂಬಿಸಿ ಮಾಡಿದ ಪೋರ್ಟ್ ಐಲೆಂಡಿನಲ್ಲಿ ಎದ್ದವು. ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಮುದುಕರಿಗೆ, ಅಂಗವಿಕಲರಿಗೆ, ಮಕ್ಕಳನ್ನು ಒಬ್ಬರೇ ಸಾಕುವ ತಾಯಂದಿರಿಗೆ ಮೊದಲ ಅವಕಾಶ. ಕಾಗದದ ಮೇಲೆ ಇದರಷ್ಟು ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ನಡೆದದ್ದೇ ಬೇರೆ. ನಗಾತಾದ ಓಣಿಯೊಂದರಲ್ಲಿ ನಲವತ್ತು ವರ್ಷ ಅಕ್ಕಪಕ್ಕ ಬದುಕಿದವರು ಬೇರೆಬೇರೆ ಗುಡ್ಡಗಳ ಪಾಲಾದರು. ನಿತ್ರಾಣರನ್ನೆಲ್ಲ ಒಂದೆಡೆ ಸೇರಿಸಿದ್ದರಿಂದ, ಬಾಗಿಲು ತಟ್ಟಿ ನೋಡಬಲ್ಲ ಗಟ್ಟಿಮುಟ್ಟಾದವರೇ ಆ ಸಾಲುಗಳಲ್ಲಿ ಕಡಿಮೆಯಾದರು. ಮುಂದಿನ ಐದು ವರ್ಷಗಳಲ್ಲಿ ಆ ಮನೆಗಳೊಳಗೆ 233 ಜನ ಹತ್ತಿರ ಯಾರೂ ಇಲ್ಲದೆ ಒಂಟಿಯಾಗಿ ಸತ್ತರು. ಅವರಲ್ಲಿ ಕೆಲಸ ಕಳೆದುಕೊಂಡು ಕುಡಿತಕ್ಕೆ ಬಿದ್ದ ನಡುವಯಸ್ಸಿನ ಗಂಡಸರೂ ಬಹಳ ಜನ ಇದ್ದರು. ಭೂಕಂಪದಲ್ಲಿ ಬದುಕಿ ಉಳಿದವರು, ತಲೆಯ ಮೇಲೆ ಸೂರು ಬಂದ ಮೇಲೆ ಸತ್ತರು.

ಕೋಬೆಯ ಸಮುದ್ರದಂಚಿನ ಭೂಕಂಪ ಸಂಗ್ರಹಾಲಯದಲ್ಲಿ ಅಂದು ಬದುಕುಳಿದವರೇ ಸ್ವಯಂಸೇವಕರಾಗಿ ಬಂದವರಿಗೆ ಕಥೆ ಹೇಳುತ್ತಾರೆ. ಇಂಥ ನಿರೂಪಣೆಗಳಲ್ಲಿ ನೆಲ ನಡುಗಿದ ಕ್ಷಣ ಬೇಗ ಮುಗಿದುಹೋಗುತ್ತದೆ. ಉದ್ದಕ್ಕೆ ಬೆಳೆಯುವುದು ಆಮೇಲಿನ ವರ್ಷಗಳು. ಮನೆಯಿಲ್ಲದವರ ಕಷ್ಟದಲ್ಲಿ ಅರ್ಧ ತೀರ ಸಣ್ಣ ಸಂಗತಿಗಳದ್ದು. ಪಕ್ಕದ ಮನೆಯ ಕೆಮ್ಮು ಕೇಳುವ ತೆಳು ಗೋಡೆ, ಚಳಿಗಾಲದಲ್ಲಿ ಬೆವರುವ ಛಾವಣಿ, ಪೇಟೆಗೆ ಹೋಗಲು ತಾಸುಗಟ್ಟಲೆ ಬಸ್ಸು, ಹಳೆಯ ವೈದ್ಯರಿಂದ ದೂರ, ಹಾಸಿಗೆ ಬಿಚ್ಚಿದರೆ ಕಾಲಿಡಲು ಜಾಗವಿಲ್ಲದ ಕೋಣೆ. ಇನ್ನರ್ಧ ಹೆಸರಿಡಲಾಗದ್ದು: ನಾಳೆಯನ್ನು ಯೋಜಿಸಲಾಗದ ಸ್ಥಿತಿ. ಎಷ್ಟು ದಿನ ಇಲ್ಲಿ ಎಂದು ಗೊತ್ತಿಲ್ಲದವರು ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಗಿಡ ನೆಡುವುದಿಲ್ಲ, ಪರಿಚಯ ಬೆಳೆಸಲು ಹಿಂಜರಿಯುತ್ತಾರೆ. ಹಿರೋಕೊ ಕುರೊಡಾ ಎಂಬ ದಾದಿ ಇದನ್ನು ಬೇಗ ಕಂಡುಕೊಂಡರು. ಆಸ್ಪತ್ರೆಯ ಹುದ್ದೆ ಬಿಟ್ಟು, ಸಾವಿರಕ್ಕೂ ಹೆಚ್ಚು ಮನೆಗಳಿದ್ದ ತಾತ್ಕಾಲಿಕ ಬಡಾವಣೆಯೊಂದರಲ್ಲಿ ಟೆಂಟು ಹಾಕಿ, ಹಗಲಿರುಳೂ ಬಾಗಿಲು ತಟ್ಟುತ್ತ ತಿರುಗಿದರು. ಆದರೆ ಇಡೀ ಓಣಿ ಸಹಜವಾಗಿ ಮಾಡುತ್ತಿದ್ದ ಕೆಲಸವನ್ನು ಕೆಲವೇ ಜನ ನಿದ್ದೆಗೆಟ್ಟು ಎಷ್ಟು ದಿನ ಮಾಡಲು ಸಾಧ್ಯ? ಮುಂದೆ ತಾತ್ಕಾಲಿಕ ಮನೆಗಳು ತೆರವಾಗಿ ಸಂತ್ರಸ್ತರು ಗಟ್ಟಿಯಾದ ಸರಕಾರಿ ಬಹುಮಹಡಿಗಳಿಗೆ ಹೋದರು. ಅಲ್ಲಿಯೂ ವರ್ಷಗಳು ಕಳೆದಂತೆ ಒಂಟಿ ಸಾವುಗಳ ಸಂಖ್ಯೆ ಸಾವಿರ ದಾಟಿತು. ಗೋಡೆಯ ಗುಣ ಹೆಚ್ಚಿದರೂ ರೋಗ ಹೋಗಲಿಲ್ಲ ಎಂದರೆ ರೋಗ ಗೋಡೆಯದ್ದಲ್ಲ.

ಕೋಬೆಯಿಂದ ಈಶಾನ್ಯಕ್ಕೆ ಸರಿದು ನಿಗಾತಾದ ಯಮಾಕೊಶಿಗೆ ಬಂದರೆ ನೋಟವೇ ಬದಲಾಗುತ್ತದೆ. ಬೆಟ್ಟದ ಓರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು, ನಡುನಡುವೆ ಬಣ್ಣದ ಮೀನು ಸಾಕುವ ಕೊಳಗಳು. ಕೊಡಗಿನ ಕಣಿವೆಗಳನ್ನು ಕಂಡವರಿಗೆ ಪರಕೀಯವೆನಿಸದ ಸೀಮೆ ಇದು, ಚಳಿಗಾಲದ ಆಳೆತ್ತರದ ಹಿಮವೊಂದನ್ನು ಬಿಟ್ಟರೆ. ಗಿಡ್ಡನೆಯ ದಪ್ಪ ಮೆಣಸಿನಕಾಯಿಯೊಂದು ಈ ಸೀಮೆಯ ಹೆಮ್ಮೆಯ ಬೆಳೆ. ಅದನ್ನು ಹುದುಗಿಸಿದ ಸೋಯಾ ಮುದ್ದೆಯಲ್ಲಿ ಬೆರೆಸಿ ಅನ್ನದ ಬದಿಗೆ ಬಡಿಸುತ್ತಾರೆ, ನಮ್ಮ ಎಲೆಯ ತುದಿಯ ಉಪ್ಪಿನಕಾಯಿಯಂತೆ. 2004ರ ಅಕ್ಟೋಬರ್ 23ರ ಸಂಜೆ ಈ ಬೆಟ್ಟಗಳು ಜಾರಿ ರಸ್ತೆಗಳೆಲ್ಲ ಮುಚ್ಚಿಹೋದವು. ಸುಮಾರು 2,200 ಜನರ ಇಡೀ ಹಳ್ಳಿಯನ್ನು ಹೆಲಿಕಾಪ್ಟರುಗಳಲ್ಲಿ ನಾಗಾವೊಕಾ ನಗರಕ್ಕೆ ಸಾಗಿಸಿದರು. ಕುಸಿದ ಮಣ್ಣು ಹೊಳೆಗೆ ಅಡ್ಡಗಟ್ಟಿ ಮನೆಗಳು ಮುಳುಗಿದ ಜಾಗವನ್ನು ಇಂದಿಗೂ ಹಾಗೆಯೇ ಇಟ್ಟಿದ್ದಾರೆ. ಕೆಸರಿನಲ್ಲಿ ಅರ್ಧ ಹೂತ ಛಾವಣಿಗಳು ದಾರಿಹೋಕರಿಗೆ ಕಾಣುತ್ತವೆ.

ಯಮಾಕೊಶಿಯವರು ನಾಗಾವೊಕಾದ ಶಿಬಿರಗಳಿಗೆ ಬಂದಿಳಿದದ್ದು ಹೆಲಿಕಾಪ್ಟರ್ ತಂದ ಕ್ರಮದಲ್ಲಿ. ಹಾಗಾಗಿ ಕೇರಿಗಳೆಲ್ಲ ಕಲಸಿಹೋಗಿದ್ದವು. ಹಳ್ಳಿಯ ಮುಖ್ಯಸ್ಥರು, ಅಧಿಕಾರಿಗಳು ಕೆಲವೇ ದಿನಗಳಲ್ಲಿ ಇಡೀ ಏರ್ಪಾಡನ್ನು ಬದಲಿಸಿ, ಒಂದು ಕೇರಿಯವರು ಒಂದೇ ಶಿಬಿರದಲ್ಲಿ ಇರುವಂತೆ ಜನರನ್ನು ಮತ್ತೆ ಜೋಡಿಸಿದರು. ಡಿಸೆಂಬರಿನಲ್ಲಿ ತಾತ್ಕಾಲಿಕ ಮನೆಗಳು ಸಿದ್ಧವಾದಾಗ ಅಲ್ಲಿಯೂ ಕೇರಿಯ ಪ್ರಕಾರವೇ ಸಾಲುಗಳು. ಹತ್ತಿರದಲ್ಲೇ ಬೇಸಾಯಕ್ಕೆ ಒಂದಿಷ್ಟು ನೆಲ. ಟೀ ಕುಡಿಯುತ್ತ ಮಾತಾಡಲು ಕರೆದರೆ ಹೆಂಗಸರು ಬರುತ್ತಾರೆ, ಗಂಡಸರು ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದು ಕೋಬೆ ಕಲಿಸಿದ ಪಾಠ. ಗುದ್ದಲಿ ಹಿಡಿಯುವ ಕೆಲಸವಿದ್ದರೆ ಮುದುಕನೂ ಬೆಳಿಗ್ಗೆ ಎದ್ದು ಹೊರಗೆ ಬರುತ್ತಾನೆ. ಭೂಕಂಪವಾದ ಮೂರು ವರ್ಷಗಳಲ್ಲಿ ಬಹುಪಾಲು ಜನ ಬೆಟ್ಟಕ್ಕೆ ಮರಳಿದರು. ಇಲ್ಲೊಂದು ಆಕ್ಷೇಪ ಏಳುತ್ತದೆ: ಆಮೇಲೂ ಯಮಾಕೊಶಿಯ ಜನಸಂಖ್ಯೆ ಇಳಿಯುತ್ತಲೇ ಹೋಗಿ ಸಾವಿರಕ್ಕಿಂತ ಕೆಳಗೆ ಬಂದಿದೆ, ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವಲ್ಲವೇ? ಅಲ್ಲ. ಯುವಕರು ಪೇಟೆ ಸೇರುವುದು ಜಪಾನಿನ ಎಲ್ಲ ಬೆಟ್ಟದೂರುಗಳ ಕಥೆ, ನಮ್ಮ ಮಲೆನಾಡಿನದ್ದೂ ಹೌದು. ಜನರನ್ನು ಒಟ್ಟಿಗಿಟ್ಟದ್ದು ಹಳ್ಳಿಯನ್ನು ಚಿರಂಜೀವಿ ಮಾಡಲಿಕ್ಕಲ್ಲ, ಮನೆಯಿಲ್ಲದ ಆ ಮೂರು ವರ್ಷಗಳನ್ನು ಮನುಷ್ಯರು ದಾಟಲಿ ಎಂದು. ಅವರು ದಾಟಿದರು.

ಇನ್ನೊಂದು ಆಕ್ಷೇಪ ಸಮಯದ್ದು. ಜನ ಚಳಿಯಲ್ಲಿ ನಡುಗುತ್ತಿರುವಾಗ ಯಾರ ಪಕ್ಕ ಯಾರು ಎಂದು ವಿಚಾರಿಸುತ್ತ ಕೂರಲು ಪುರುಸೊತ್ತು ಎಲ್ಲಿದೆ ಎಂದು ಯಾವ ತಹಶೀಲ್ದಾರರಾದರೂ ಕೇಳಿಯಾರು. ಯಮಾಕೊಶಿಯ ಡಿಸೆಂಬರ್ ಇದಕ್ಕೆ ಉತ್ತರ. ಕೇರಿಯ ಪ್ರಕಾರ ಹಂಚಿದ್ದರಿಂದ ಮನೆಗಳು ತಡವಾಗಲಿಲ್ಲ, ಎರಡು ತಿಂಗಳ ಒಳಗೇ ಜನ ಒಳಗೆ ಹೋದರು. 2,200 ಜನರ ಹಳ್ಳಿಗೆ ಆದದ್ದು ಲಕ್ಷಗಟ್ಟಲೆ ಜನರ ನಗರಕ್ಕೆ ಆಗದು ಎಂದರೆ ಒಪ್ಪತಕ್ಕದ್ದೇ. ಆದರೆ ನಗರದಲ್ಲಿಯೂ ಜನ ಬದುಕುವುದು ಓಣಿಯಲ್ಲಿ. ಮೂರು ಲಕ್ಷ ಜನರ ಸಂಬಂಧಗಳನ್ನೆಲ್ಲ ಕಾಪಾಡಬೇಕೆಂದು ಯಾರೂ ಕೇಳುತ್ತಿಲ್ಲ. ಹತ್ತು ಮನೆಗಳನ್ನು ಒಂದು ಗುಂಪಾಗಿಸಿ, ಆ ಗುಂಪಿನ ಹೆಸರಿನಲ್ಲಿ ಒಂದು ಚೀಟಿ ಎತ್ತಿದ್ದರೂ ಚೀಟಿಯ ನ್ಯಾಯ ಉಳಿಯುತ್ತಿತ್ತು, ಓಣಿಯೂ ಉಳಿಯುತ್ತಿತ್ತು.

ಇದು ಬರಿಯ ಅನಿಸಿಕೆಯಲ್ಲ ಎಂಬುದಕ್ಕೆ ಸೆಂದಾಯ್ ನಗರದ ದಕ್ಷಿಣಕ್ಕಿರುವ ಇವಾನುಮಾ ಸಾಕ್ಷಿ. ಸಪಾಟು ಗದ್ದೆಬಯಲಿನ ಈ ಊರಿನ ಅಂಚಿನಲ್ಲಿ ಆರು ಕಡಲತೀರದ ಹಳ್ಳಿಗಳಿದ್ದವು. 2011ರ ಮಾರ್ಚ್ 11ರ ಸುನಾಮಿ ಅವುಗಳನ್ನು ಗುಡಿಸಿಹಾಕಿತು. ತಾತ್ಕಾಲಿಕ ಮನೆಗಳಿಗೆ ಇಲ್ಲಿ ಎರಡು ದಾರಿಗಳಿದ್ದವು: ಹಳ್ಳಿಯವರು ಗುಂಪಾಗಿ ಹೋಗುವುದು, ಇಲ್ಲವೇ ಒಬ್ಬೊಬ್ಬರೇ ಚೀಟಿಯ ಮೂಲಕ ಹೋಗುವುದು. ಸುನಾಮಿಗೆ ಏಳು ತಿಂಗಳ ಹಿಂದೆಯಷ್ಟೇ, ಬೇರೆ ಉದ್ದೇಶಕ್ಕಾಗಿ, ಈ ಊರಿನ 65 ದಾಟಿದವರ ಆರೋಗ್ಯದ, ಒಡನಾಟದ ಸಮೀಕ್ಷೆ ನಡೆದಿತ್ತು. ಅದೇ ಜನರನ್ನು ಮತ್ತೆ ವಿಚಾರಿಸಿ, ಸಂಶೋಧಕ ಇಚಿರೊ ಕವಾಚಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ದಾರಿ ಹಿಡಿದವರ ನಡುವೆ ಸ್ಪಷ್ಟ ವ್ಯತ್ಯಾಸ ಕಂಡಿತು. ಗುಂಪಾಗಿ ಹೋದವರ ಒಡನಾಟ, ಸಂಘಜೀವನ ಮೊದಲಿಗಿಂತ ಹೆಚ್ಚಿತ್ತು. ಒಂಟಿಯಾಗಿ ಹೋದವರದು ಹಾಗಿರಲಿಲ್ಲ. ಮೊದಲೇ ಸ್ನೇಹಜೀವಿಗಳಾದವರೇ ಗುಂಪನ್ನು ಆರಿಸಿಕೊಂಡಿರಬಹುದಲ್ಲ ಎಂಬ ಸಂಶಯ ನ್ಯಾಯವಾದದ್ದು. ವಿಪತ್ತಿಗೆ ಮುಂಚಿನ ಅಳತೆ ಕೈಯಲ್ಲಿದ್ದದ್ದರಿಂದಲೇ ಆ ಸಂಶಯದ ಬಲ ಇಲ್ಲಿ ತಗ್ಗುತ್ತದೆ. ಯಾರು ಮೊದಲು ಹೇಗಿದ್ದರು ಎಂಬುದೂ ಅಧ್ಯಯನಕಾರರಿಗೆ ಗೊತ್ತಿತ್ತು. ಇವಾನುಮಾದ ಹಳ್ಳಿಗರು ಮುಂದೆ ತಮ್ಮ ಶಾಶ್ವತ ಬಡಾವಣೆಯ ನಕ್ಷೆಯನ್ನೂ ಕೂತು ಚರ್ಚಿಸಿ ಮಾಡಿಕೊಂಡು, 2015ರ ಹೊತ್ತಿಗೆ ಒಟ್ಟಿಗೆ ಹೊಸ ಊರು ಹೊಕ್ಕರು.

ಅದೇ ಕರಾವಳಿಯಲ್ಲಿ ಉತ್ತರಕ್ಕೆ, ಇಶಿನೊಮಾಕಿ ನಗರದಿಂದ ರೈಲು ಒಳಕೊಲ್ಲಿಯ ನೀರಿಗೆ ಅಂಟಿಕೊಂಡೇ ಸಾಗಿ ಒನಾಗಾವಾದಲ್ಲಿ ಕೊನೆಯಾಗುತ್ತದೆ. ಸುಮಾರು 10,000 ಜನರ ಈ ಮೀನುಗಾರರ ಊರಿನಲ್ಲಿ 800ಕ್ಕೂ ಹೆಚ್ಚು ಜನ ಸುನಾಮಿಗೆ ಬಲಿಯಾದರು. ಇಂದು ನಿಲ್ದಾಣದಿಂದ ಇಳಿದರೆ ಇಟ್ಟಿಗೆ ಹಾಸಿದ ಅಂಗಡಿ ಬೀದಿ ನೇರ ಸಮುದ್ರದತ್ತ ಇಳಿಯುತ್ತದೆ. ಶರತ್ಕಾಲದಲ್ಲಿ ಉದ್ದನೆಯ ಬೆಳ್ಳಿಬಣ್ಣದ ಸಾನ್ಮಾ ಮೀನು ಇಲ್ಲಿನ ಹಬ್ಬ. ಅದನ್ನು ಸುಟ್ಟು ತಿನ್ನುತ್ತಾರೆ, ಉಂಡೆ ಕಟ್ಟಿ ಸಾರಿಗೂ ಹಾಕುತ್ತಾರೆ. ಬೆಟ್ಟ ಮತ್ತು ಕಡಲಿನ ನಡುವೆ ಸಿಕ್ಕಿದ ಊರಾದ್ದರಿಂದ ತಾತ್ಕಾಲಿಕ ಮನೆಗೆ ಸಮತಟ್ಟು ಜಾಗವೇ ಇರಲಿಲ್ಲ. ಜನರನ್ನು ಬೇರೆ ಊರಿಗೆ ಕಳಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ವಾಸ್ತುಶಿಲ್ಪಿ ಶಿಗೆರು ಬಾನ್ ಸರಕು ಸಾಗಿಸುವ ಕಂಟೇನರುಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದರಂತೆ ಪೇರಿಸಿ, ಊರಿನ ಬೇಸ್‌ಬಾಲ್ ಮೈದಾನದಲ್ಲೇ ಮೂರಂತಸ್ತಿನವರೆಗೆ 189 ಮನೆಗಳನ್ನು ಎಬ್ಬಿಸಿದರು. ಸಾಮಾನು ಇಡಲು ಗೋಡೆಗೂಡುಗಳನ್ನು ಸ್ವಯಂಸೇವಕರು ಮಾಡಿಕೊಟ್ಟರು, ನಡುವೆ ಸಂತೆಗೊಂದು ಚಪ್ಪರ ಬಂತು. ಇನ್ನೂ ಉತ್ತರಕ್ಕೆ, ಉಕ್ಕಿನ ಊರಾದ ಕಮಾಯಿಶಿಯ ತಾತ್ಕಾಲಿಕ ಬಡಾವಣೆಯೊಂದರಲ್ಲಿ ಮಾಡಿದ ಬದಲಾವಣೆ ಇದಕ್ಕಿಂತ ಸರಳ. ಸಾಮಾನ್ಯವಾಗಿ ಇಂಥ ಮನೆಗಳ ಸಾಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ, ಬಾಗಿಲು ತೆರೆದರೆ ಮುಂದಿನ ಮನೆಯ ಬೆನ್ನು ಕಾಣುತ್ತದೆ. ಅಲ್ಲಿ ಸಾಲುಗಳನ್ನು ಎದುರುಬದುರು ತಿರುಗಿಸಿ, ನಡುವೆ ಮರದ ಹಲಗೆ ಹಾಸಿ ಮೇಲೆ ಛಾವಣಿ ಎಳೆದರು. ನಮ್ಮ ಹಳ್ಳಿಯ ಎದುರು ಬದುರು ಜಗಲಿಗಳು ಮಾಡುವ ಕೆಲಸವನ್ನೇ ಆ ಹಲಗೆದಾರಿ ಮಾಡಿತು: ಇವತ್ತು ಯಾರ ಬಾಗಿಲು ತೆರೆಯಲಿಲ್ಲ ಎಂಬುದು ಹತ್ತು ಗಂಟೆಯೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಹಳೆಯ ನೆರೆಹೊರೆಯನ್ನು ಉಳಿಸಲಾಗದ ಕಡೆ ಹೊಸದು ಹುಟ್ಟುವಂತೆ ಕಟ್ಟಬಹುದು ಎಂಬುದಕ್ಕೆ ಇವೆರಡೂ ಪುರಾವೆ.

ಆದರೆ ಅದೇ ವಿಪತ್ತಿನಲ್ಲಿ ಇನ್ನೊಂದು ದಾರಿಯೂ ದೊಡ್ಡದಾಗಿ ತೆರೆಯಿತು. ಮನೆ ಕಟ್ಟುವ ಬದಲು ಖಾಸಗಿ ಬಾಡಿಗೆ ಮನೆಗಳ ಬಾಡಿಗೆಯನ್ನು ಸರಕಾರವೇ ಭರಿಸಿತು. ಸೆಂದಾಯ್, ಒನಾಗಾವಾಗಳಿರುವ ಮಿಯಾಗಿ ಪ್ರಾಂತದಲ್ಲಿ ಕಟ್ಟಿದ ಮನೆಗಳಿಗಿಂತ ಇಂಥ ಮನೆಗಳೇ ಹೆಚ್ಚಾದವು. ಖರ್ಚು ಕಡಿಮೆ, ಗೋಡೆ ಗಟ್ಟಿ, ಬೇಕಾದ ಕಡೆ ಹೋಗುವ ಸ್ವಾತಂತ್ರ್ಯ. ಜನ ಇದನ್ನು ಬಯಸಿದರು ಎಂಬುದು ನಿಜ. ಜೊತೆಗೆ, ಹಾಗೆ ಹೋದವರು ಊರಿನ ಕಣ್ಣಿನಿಂದ ಮರೆಯಾದರು ಎಂಬುದೂ ನಿಜ. ಖಾಸಗಿ ವಿವರ ಕೊಡಬಾರದೆಂಬ ನಿಯಮದಿಂದಾಗಿ ಸ್ವಯಂಸೇವಕರಿಗೆ ಅವರ ವಿಳಾಸ ಸಿಗುತ್ತಿರಲಿಲ್ಲ. ಮರದ ಹಲಗೆಯ ಮೇಲಿನ ಟೀ ಕೂಟದ ಸುದ್ದಿ ಅವರಿಗೆ ತಲುಪುತ್ತಿರಲಿಲ್ಲ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೊಡ್ಲು, ಜೋಡುಪಾಲ, ಹಟ್ಟಿಹೊಳೆಯ ಗುಡ್ಡಗಳು ಜಾರಿದಾಗ ನಾವು ಹಿಡಿದದ್ದೂ ಇದೇ ದಾರಿ. ಮನೆ ಕಳೆದುಕೊಂಡ ಕುಟುಂಬಗಳಿಗೆ ಸರಕಾರ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಟ್ಟಿತು. ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆಗಳು ಏಳುವವರೆಗೆ ಜನ ಮಡಿಕೇರಿ, ಕುಶಾಲನಗರದಂಥ ಪೇಟೆಗಳಲ್ಲಿ ಚದುರಿದರು. ಹಣ ಕೊಟ್ಟದ್ದು ಸರಿಯೇ. ಚದುರಿದವರನ್ನು ಒಬ್ಬರಿಗೊಬ್ಬರು ಕಾಣಿಸುವ ಕೆಲಸ ಬಾಡಿಗೆಯ ಚೆಕ್ಕಿನಿಂದ ಆಗುವುದಿಲ್ಲ, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ತೋಟದ ಲೈನ್ ಮನೆಗಳಲ್ಲಿದ್ದು, ತಮ್ಮ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲದ ಕೂಲಿಯವರಿಗಂತೂ ಅದು ಇನ್ನಷ್ಟು ಬೇಕು.

ಉತ್ತರ ಕರ್ನಾಟಕದ ನದಿತೀರಗಳಲ್ಲಿ ಕಥೆ ಬೇರೆ ರೂಪದಲ್ಲಿದೆ. ಮಲಪ್ರಭಾ, ಘಟಪ್ರಭಾ, ಕೃಷ್ಣೆಯರು ಉಕ್ಕಿದಾಗಲೆಲ್ಲ ಜನ ಶಾಲೆಗಳ ಗಂಜಿ ಕೇಂದ್ರಕ್ಕೆ ಬರುತ್ತಾರೆ, ರೊಟ್ಟಿ ಬಡಿದು ತಿಂದ ಕೈಗಳು ಅನ್ನಸಾರಿನ ಸರದಿಯಲ್ಲಿ ನಿಲ್ಲುತ್ತವೆ, ನೀರಿಳಿದ ಮೇಲೆ ತಗಡಿನ ಶೆಡ್ಡುಗಳು ಬರುತ್ತವೆ. 2009ರ ಪ್ರವಾಹದ ನಂತರ ಆಸರೆ ಯೋಜನೆಯಡಿ ಕಟ್ಟಿದ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ ಎಂಬವು ಅವರು ಕೊಟ್ಟ ಕಾರಣಗಳು. ಮನೆ ಎಂದರೆ ನಾಲ್ಕು ಗೋಡೆಯಷ್ಟೇ ಅಲ್ಲ ಎಂದು ಅವರು ಖಾಲಿ ಮನೆಗಳ ಮೂಲಕವೇ ಹೇಳಿದ್ದರು. 2019ರಲ್ಲಿ ಮತ್ತೆ ಪ್ರವಾಹ ಬಂದಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ಮೊತ್ತ ದೊಡ್ಡದಾಯಿತು, ಆದರೆ ಮಾತೆಲ್ಲ ಮೊತ್ತದ ಸುತ್ತಲೇ ಉಳಿಯಿತು.

ಈ ವಾದಕ್ಕೆ ನಮ್ಮ ನೆಲದಿಂದಲೇ ಏಳುವ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಜಪಾನಿನ ಕೇರಿ ಬೇರೆ, ನಮ್ಮ ಕೇರಿ ಬೇರೆ. ನಮ್ಮಲ್ಲಿ ಯಾರ ಪಕ್ಕ ಯಾರು ಎಂಬುದನ್ನು ಶತಮಾನಗಳಿಂದ ಜಾತಿ ನಿರ್ಧರಿಸಿದೆ. ನೆರೆಹೊರೆಯನ್ನು ಹಾಗೆಯೇ ಉಳಿಸಿ ಎಂದರೆ ಊರ ಹೊರಗಿದ್ದವರನ್ನು ಶೆಡ್ಡಿನ ಸಾಲಿನಲ್ಲಿಯೂ ಕೊನೆಗೇ ನಿಲ್ಲಿಸಿ ಎಂದಂತಾಗದೇ? ವಿಪತ್ತು ಎಲ್ಲ ಗೋಡೆಗಳನ್ನು ಕೆಡವಿದಾಗ ಜಾತಿಯ ಗೋಡೆಯನ್ನೂ ಕೆಡವುವ ಅವಕಾಶವನ್ನು ಯಾಕೆ ಬಿಡಬೇಕು? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವ ವಾದ ನನಗೆ ಬೇಡ. ನನ್ನ ಉತ್ತರ ಇವಾನುಮಾದಿಂದ ಬರುತ್ತದೆ: ಅಲ್ಲಿ ಗುಂಪು ಆಯ್ಕೆಯಾಗಿತ್ತು, ಕಡ್ಡಾಯವಾಗಿರಲಿಲ್ಲ. ಊರಿನ ಹಳೆಯ ನಕ್ಷೆಯನ್ನು ಶೆಡ್ಡಿನ ಬಯಲಿಗೆ ಎತ್ತಿಡುವುದು ಬೇರೆ, ಪ್ರತಿ ಕುಟುಂಬಕ್ಕೂ ತಾನು ಯಾರ ಜೊತೆಗಿರಬೇಕೆಂದು ಹೇಳುವ ಹಕ್ಕು ಕೊಡುವುದು ಬೇರೆ. ಜೊತೆ ಕೂಲಿಗೆ ಹೋಗುವ ಹೆಂಗಸರು, ಒಂದೇ ಸ್ವಸಹಾಯ ಸಂಘದವರು, ಮಗುವನ್ನು ನೋಡಿಕೊಳ್ಳುವ ಎದುರುಮನೆಯ ಅಜ್ಜಿ, ಇಂಥವರನ್ನು ಹೆಸರಿಸಲು ಬಿಟ್ಟರೆ ಸಾಕು. ಮನೆಗಳ ಜಾಗವನ್ನು ಮಾತ್ರ ಆಡಳಿತವೇ ನಿರ್ಧರಿಸಬೇಕು, ನೀರಿನ ನಲ್ಲಿ ಎಲ್ಲರಿಗೂ ಸಮದೂರದಲ್ಲಿರಬೇಕು, ಯಾವ ಗುಂಪೂ ಅಂಚಿಗೆ ಬೀಳಬಾರದು. ಊರು ಹೊರಗಿಟ್ಟವರಿಗೂ ತಮ್ಮವರೆಂಬ ಜನ ಇದ್ದಾರೆ. ಸಮಾನತೆಯ ಹೆಸರಿನಲ್ಲಿ ಅವರನ್ನು ಚೀಟಿಯ ಪಾಲು ಮಾಡಿ ಒಬ್ಬೊಬ್ಬರನ್ನಾಗಿ ಚದುರಿಸಿದರೆ ಅವರ ಬಲವೇ ಮೊದಲು ಮುರಿಯುತ್ತದೆ.

ತಾತ್ಕಾಲಿಕ ಮನೆ ಹಿತವಾದರೆ ಜನ ಬಿಟ್ಟು ಹೋಗುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಜಪಾನಿನಲ್ಲಿ ಎರಡು ವರ್ಷವೆಂದು ಹೇಳಿದ ಮನೆಗಳು ಈಶಾನ್ಯದಲ್ಲಿ ಎಷ್ಟೋ ವರ್ಷ ಮುಂದುವರಿದದ್ದು ನಿಜ. ಕಾರಣ ಹಿತವಲ್ಲ. ಸುನಾಮಿ ಬಡಿದ ನೆಲವನ್ನು ಎತ್ತರಿಸಿ, ಬೆಟ್ಟ ಕಡಿದು ನಿವೇಶನ ಮಾಡುವುದು ತಡವಾದದ್ದರಿಂದ ಜನ ಕಾದರು. ನೆರೆಹೊರೆ ಗಟ್ಟಿಯಿದ್ದ ಯಮಾಕೊಶಿಯವರು ಮೂರು ವರ್ಷದಲ್ಲಿ ಹೊರಟುಹೋದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೊತೆಗಿದ್ದವರು ಒಟ್ಟಿಗೆ ಒತ್ತಾಯಿಸುತ್ತಾರೆ, ಒಟ್ಟಿಗೆ ನಿರ್ಧರಿಸುತ್ತಾರೆ, ಒಟ್ಟಿಗೆ ಹೊರಡುತ್ತಾರೆ. ಸಿಕ್ಕಿಬೀಳುವವರು ಒಂಟಿಯಾದವರು.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಪ್ರತಿ ಜಿಲ್ಲೆಯಲ್ಲೂ ವಿಪತ್ತು ನಿರ್ವಹಣೆಯ ಸಭೆ ನಡೆಯುತ್ತದೆ. ದೋಣಿ, ಮರಳು ಚೀಲ, ಅಕ್ಕಿ ದಾಸ್ತಾನು, ಕಾಳಜಿ ಕೇಂದ್ರಗಳ ಪಟ್ಟಿ ಎಲ್ಲ ಸಿದ್ಧವಾಗುತ್ತವೆ. ಆ ಕಡತಕ್ಕೆ ಇನ್ನೊಂದು ಹಾಳೆ ಸೇರಲಿ. ಹೊಳೆದಂಡೆಯ, ಗುಡ್ಡದ ಬುಡದ ಪ್ರತಿ ಗ್ರಾಮ ಪಂಚಾಯಿತಿಯೂ ಗ್ರಾಮಸಭೆಯಲ್ಲಿ ಪ್ರತಿ ಕುಟುಂಬವನ್ನು ಕೇಳಿ ಬರೆದಿಟ್ಟುಕೊಳ್ಳಲಿ: ಮನೆ ಬಿಡಬೇಕಾಗಿ ಬಂದರೆ ನೀವು ಯಾರ ಪಕ್ಕದಲ್ಲಿ ಇರಲು ಬಯಸುತ್ತೀರಿ? ಒಂಟಿಯಾಗಿರುವ ಮುದುಕರ ಬಾಗಿಲನ್ನು ಯಾರು ತಟ್ಟುತ್ತೀರಿ? ಇದಕ್ಕೆ ಹಣ ಬೇಕಿಲ್ಲ, ಹೊಸ ಕಾನೂನು ಬೇಕಿಲ್ಲ, ಒಂದು ಸಂಜೆಯ ಸಭೆ ಸಾಕು. ಕೋಬೆ ಈ ಪಾಠಕ್ಕೆ 233 ಜೀವಗಳನ್ನು ತೆತ್ತಿತು. ನಾವು ಅದನ್ನು ಬಿಟ್ಟಿಯಾಗಿ ಕಲಿಯಬಹುದು, ಮುಂದಿನ ಮಳೆಗೆ ಮುಂಚೆಯೇ ಕಲಿಯಬೇಕು.